ರೈಲಿಲ್ಲದ ಊರಿನ ಹೊಗೆಬಂಡಿ

ಬಟ್ಟೆ ನೆನೆಹಾಕುವ ಮೊದಲು ಒಂದೊಂದನ್ನೂ ಮೂಗಿಗೆ ಹಿಡಿದು ನೋಡುವ ಕೆಟ್ಟ ಚಾಳಿಯೊಂದು ನನಗಿದೆ. ಮನೆಗೆ ವಾಷಿಂಗ್ ಮೆಷಿನ್ ಬಂದ ಮೇಲೂ ಅದು ಹೋಗಿಲ್ಲ. ಮೊನ್ನೆ ಮೊಮ್ಮಗಳು ನೋಡಿ, "ಅಜ್ಜಿ, ಪೊಲೀಸ್ ನಾಯಿ ಮೂಸಿದಂಗ ಮೂಸ್ತಿಯಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು ಕಾಲದಲ್ಲಿ ನಾನು ಪೊಲೀಸ್ ನಾಯಿಯೇ ಆಗಿದ್ದೆ. ಹಿಡಿಯಬೇಕಾಗಿದ್ದ ಕಳ್ಳ ನನ್ನ ಗಂಡ.

ಎಪ್ಪತ್ತರ ದಶಕದ ಮಾತು. ನಾನು ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮವರು ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರು. ವೆಲ್ಡಿಂಗೂ ಅವರೇ ಮಾಡುತ್ತಿದ್ದರು. ಹೆಸರು ಗಾದಿಲಿಂಗ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳುತ್ತಿರುವುದು ಈಗಲೇ. ಆಗೆಲ್ಲ "ನಮ್ಮವರು" ಎಂದರೆ ಮುಗಿಯಿತು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ಈರಮ್ಮ, ಒಟ್ಟು ಮೂರೇ ಜನ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾಲ್ಕನೆಯವರು ಬಂದಿರಲಿಲ್ಲ. ಅತ್ತೆ ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬೇರೆಯವರ ಮನೆಯ ತೊಟ್ಟಿಲಿಗೆ ಹೋಗಿ ಬಂದ ದಿನ ಮಾತ್ರ ಬೇಗ ಮಲಗಿಬಿಡುತ್ತಿದ್ದರು.

ಮಾವ ಇರಲಿಲ್ಲ. ಇರಲಿಲ್ಲ ಎಂದರೆ ಏನೆಂದು ನನಗೆ ಸ್ಪಷ್ಟವಿರಲಿಲ್ಲ. ಮದುವೆಗೆ ಮೊದಲು ನನ್ನ ತವರು ಕರೂರಿನ ಹಿರಿಯರು ಕೇಳಿದಾಗ, "ದೇಶದ ಮ್ಯಾಲೆ ಹೋದಾವ ಬರಲಿಲ್ಲ" ಎಂದಷ್ಟೇ ಉತ್ತರ ಬಂದಿತ್ತಂತೆ. ಅತ್ತೆಯ ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ಅಂದಮೇಲೆ ಎಲ್ಲೋ ಒಂದು ಕಡೆ ಮಾವ ಉಸಿರಾಡುತ್ತಿದ್ದಾರೆ ಎಂದು ನಾನೇ ಲೆಕ್ಕ ಹಾಕಿದ್ದೆ. ಕೇಳುವ ಧೈರ್ಯವಿರಲಿಲ್ಲ.

ನಾವಿದ್ದದ್ದು ಗೌರಮ್ಮನವರ ಮನೆಯ ಹಿಂಭಾಗದಲ್ಲಿ, ಬಾಡಿಗೆಗೆ. ಅವರು ದಿನಾ ಲಿಂಗಪೂಜೆ ಮಾಡುವ ಶಿವಭಕ್ತರು, ಬಹಳ ಒಳ್ಳೆಯವರು. ಮನೆ ಕೊಡುವಾಗ ಒಂದೇ ಶರತ್ತು ಹಾಕಿದ್ದರು: ಒಳಗೆ ಕುರಿ ಕೋಳಿ ಇರಲಿ, ಮೊಟ್ಟೆಯೂ ಒಡೆಯುವಂತಿಲ್ಲ. ನಮ್ಮದು ತಿನ್ನುವ ಮನೆ. ತಿನ್ನಬೇಕೆನಿಸಿದಾಗ ಕರೂರಿನ ನಮ್ಮ ಅಣ್ಣನ ಮನೆಗೆ ಹೋಗಿ ತಿಂದು, ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಬರುತ್ತಿದ್ದೆವು. ಆದರೂ ಗೌರಮ್ಮ ಬಾಗಿಲಲ್ಲೇ ನಿಂತು, "ಊರಿಗೆ ಹೋಗಿದ್ರೇನು? ಗೊತ್ತಾತು ಬಿಡ್ರಿ" ಎನ್ನುತ್ತಿದ್ದರು. ಅಂಥ ಮೂಗು ಅವರದು.

ಆ ಮೂಗೇ ನನಗೆ ಮೊದಲ ಸುಳಿವು ಕೊಟ್ಟದ್ದು. ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮವರು ಪ್ರತಿ ಆಯಿತವಾರ, ಗಿರಣಿಯ ರಜೆಯ ದಿನ, ಬೆಳಗಿನ ಬಸ್ಸಿಗೆ ಹೊರಡತೊಡಗಿದರು. ಕೇಳಿದರೆ, "ಕುರುಗೋಡಾಗ ಒಂದು ರಿಪೇರಿ ಐತಿ" ಎನ್ನುವರು. ಒಂದು ವಾರ ಸರಿ, ಎರಡು ವಾರ ಸರಿ. ಐದನೇ ವಾರ ಗೌರಮ್ಮ ನನ್ನನ್ನು ಬಾವಿಯ ಹತ್ತಿರ ಕರೆದು ಮೆಲ್ಲಗೆ ಕೇಳಿದರು:

"ಯಾಕವ್ವ ಶಾರದಾ, ನಿಮ್ಮನಿಯವ್ರು ಆಯ್ತವಾರಕ್ಕೊಮ್ಮೆ ಸುಡುಗಾಡಿಗೆ ಹೋಗ್ತಾರೇನು? ಮೈಯೆಲ್ಲ ಹೊಗಿ ವಾಸನಿ. ಹೋಗೋದಾದ್ರ ಹೋಗ್ಲಿ, ಬಂದು ಹೊರಗ ಸ್ನಾನಾ ಮಾಡಿ ಒಳಗ ಬರಾಕ ಹೇಳು."

ಅಂದು ಮೊದಲ ಸಲ ನಾನು ಅವರ ಅಂಗಿ ಮೂಸಿದೆ. ವೆಲ್ಡಿಂಗಿನ ವಾಸನೆ ನನಗೆ ಗೊತ್ತು, ಬೀಡಿಯದೂ ಗೊತ್ತು. ಇದು ಯಾವುದೂ ಅಲ್ಲ. ಕಟ್ಟಿಗೆಯ ಹೊಗೆ, ಅದರೊಳಗೆ ಏನೋ ಒಗ್ಗರಣೆ ಹಾಕಿದಂಥ ವಾಸನೆ. ಯಾರದೋ ಅಡಿಗೆಮನೆಯಲ್ಲಿ ಒಲೆಯ ಮುಂದೆ ಗಂಟೆಗಟ್ಟಲೆ ಕೂತು ಬಂದ ಗಂಡಸಿನ ಅಂಗಿ ಅದು. ನಮ್ಮ ಮನೆಯ ಒಲೆಯ ಮುಂದೆ ಅವರು ಒಂದು ದಿನವೂ ಕೂತವರಲ್ಲ.

ಅಲ್ಲಿಂದ ನನ್ನ ಕಣ್ಣು ಬೇರೆಯಾಯಿತು. ಅನುಮಾನ ಬಂದ ಹೆಂಗಸಿಗೆ ಕೆಲಸ ಬಹಳ. ಶಾಲೆಯ ನೋಟ್ಸು ತಿದ್ದುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ನಾನು ಅವರ ಜೇಬು ತಿದ್ದತೊಡಗಿದೆ. ಕುರುಗೋಡಿನ ಬಸ್ ಟಿಕೇಟುಗಳು, ಒಂದು ತುಂಡು ತಂತಿ, ಒಮ್ಮೆ ಏಲಕ್ಕಿ ಸಿಪ್ಪೆ. ಏಲಕ್ಕಿ! ನಮ್ಮ ಮನೆಯಲ್ಲಿ ಏಲಕ್ಕಿ ಯುಗಾದಿಗೊಮ್ಮೆ ಡಬ್ಬಿಯಿಂದ ಹೊರಗೆ ಬರುತ್ತಿತ್ತು.

ಆಮೇಲೆ ಮನೆಯಲ್ಲಿದ್ದ ಜ್ವರ ನೋಡುವ ಥರ್ಮಾಮೀಟರು ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾಗಿ ಕೇಳಿದೆ.

"ನಾನು ಒಯ್ದಿದ್ದೆ, ಒಡೀತು" ಎಂದರು.

"ಯಾರಿಗೆ ಜ್ವರ ಬಂದಿತ್ತು?"

"ಯಾರಿಗೂ ಇಲ್ಲ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಜ್ವರವಿಲ್ಲದವರಿಗೆ ಥರ್ಮಾಮೀಟರು ಯಾಕೆ? ನಾನು ಇದನ್ನೇ ಯೋಚಿಸುತ್ತಿರುವಾಗ ಬಟ್ಟೆ ಅಂಗಡಿಯವರ ಹೆಂಡತಿ ದಾರಿಯಲ್ಲಿ ನಿಲ್ಲಿಸಿ, ಮುಖದ ತುಂಬ ನಗುತ್ತಾ, "ಏನ್ರಿ ಟೀಚರ್, ನಿಮ್ಮವ್ರು ಎರಡು ಗಜ ಮಲ್ ಬಟ್ಟಿ ಒಯ್ದರಂತ. ನಮಗ ಹೇಳಲೇ ಇಲ್ಲ ನೀವು" ಎಂದರು. ನಮ್ಮ ಕಡೆ ಆ ಮೆತ್ತನೆಯ ಬಿಳಿ ಬಟ್ಟೆ ಒಯ್ಯುವುದು ಹಸುಗೂಸಿಗೆ. ನಾನು ಏನೋ ಒಂದು ನಕ್ಕು ಮನೆಗೆ ಬಂದೆ. ಆ ಬಟ್ಟೆ ನಮ್ಮ ಮನೆಗೆ ಬಂದಿರಲಿಲ್ಲ.

ಕೊನೆಯ ಏಟು ಬಿದ್ದದ್ದು ಒಂದು ಸಂಜೆ. ಟೈರು ಅಂಗಡಿ ಇಟ್ಟುಕೊಂಡಿದ್ದ ಗೆಳೆಯ ಖಾಜಾ ಜೊತೆ ನಮ್ಮವರು ಕಿಟಕಿಯ ಹೊರಗೆ ನಿಂತು ಮಾತಾಡುತ್ತಿದ್ದರು. ನಾನು ಒಳಗೆ ಅಕ್ಕಿ ಅಳೆಯುತ್ತಿದ್ದವಳು ಹಾಗೇ ನಿಂತೆ.

"ಹೊಟ್ಟಿ ದೊಡ್ಡದಾಗೇತಿ ಲೇ ಖಾಜಾ. ಇನ್ನ ತಡಾ ಮಾಡಾಕ ಬರಂಗಿಲ್ಲ."

"ಯಾವಾಗ ಹೊರಗ ಬರ್ತೈತಿ?"

"ಇನ್ನೊಂದು ತಿಂಗಳು. ನೀ ಎರಡು ಗಾಲಿ ಕೊಟ್ರ ನಡೀತೈತಿ. ಅವ್ವಗ ಮಾತ್ರ ಗೊತ್ತಾಗಬಾರದು. ಇಕಿಗೂ ಅಷ್ಟ."

"ಹೆಸರೇನು ಇಡ್ತೀಯಪಾ?"

"ಹೊಗಿಬಂಡಿ" ಎಂದು ನಮ್ಮವರು ನಕ್ಕರು.

ಉಳಿದದ್ದೆಲ್ಲ ನನಗೆ ಅರ್ಥವಾಗಿತ್ತು, ಕೊನೆಯ ಮಾತೊಂದು ಬಿಟ್ಟು. ಕುರುಗೋಡಿಗೆ ರೈಲಿಲ್ಲ. ಸಿರುಗುಪ್ಪಕ್ಕೂ ಇಲ್ಲ. ಆದರೆ ನಾನು ಇದ್ದ ಸ್ಥಿತಿಯಲ್ಲಿ ಅದಕ್ಕೂ ಒಂದು ಅರ್ಥ ಹಚ್ಚಿಕೊಂಡೆ. ಹೊಟ್ಟೆ ದೊಡ್ಡದಾದವಳನ್ನು ರೈಲು ಹತ್ತಿಸಿ ದೂರ ಎಲ್ಲೋ ಇಡುತ್ತಾರೆ. ಮಗುವಿಗೆ ನಡಿಗೆ ಕಲಿಯಲು ಗಾಲಿಬಂಡಿ ಮಾಡಿಸುತ್ತಾರೆ. ಇಷ್ಟು ಮುಂದಾಲೋಚನೆಯ ಮನುಷ್ಯ ನಮ್ಮವರಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಆ ವಾರವೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾ ನಾನೇ ತಪ್ಪುತ್ತಿದ್ದೆ.

ಮುಂದಿನ ಆಯಿತವಾರ ಅವರು ಹೋದ ಮೇಲಿನ ಬಸ್ಸಿಗೆ ನಾನೂ ಹತ್ತಿದೆ. ಅತ್ತೆಗೆ ಶಾಲೆಯ ಕೆಲಸ ಎಂದೆ. ಬಳ್ಳಾರಿಯಲ್ಲಿ ಬಸ್ಸು ಬದಲಿಸಿ ಕುರುಗೋಡಿನಲ್ಲಿ ಇಳಿದಾಗ ಬಿಸಿಲು ತಲೆಯ ಮೇಲಿತ್ತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಗುಡ್ಡದ ಬಂಡೆಗಳು ಕಾದು ಊರಿಗೇ ಉಸಿರು ಬಿಡುತ್ತಿದ್ದವು. ಎಲ್ಲಿಗೆ ಹೋಗಬೇಕು, ಯಾರನ್ನು ಏನೆಂದು ಕೇಳಬೇಕು? ಚಹದ ಅಂಗಡಿಯವನೊಬ್ಬನನ್ನು ಕೇಳಿದೆ, "ಸಿರುಗುಪ್ಪದಿಂದ ವೆಲ್ಡಿಂಗ್ ಮಾಡೋರು ಬರ್ತಾರಲ್ಲ, ಅವರು ಎಲ್ಲಿ ಇರ್ತಾರ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಎಕ್ಸೈಜಿನೋರೇನು?"

"ಅಲ್ಲ. ಟೀಚರ್."

"ಗಣತಿನಾ ಹಂಗಾರ?"

ನನ್ನ ಕೈಯಲ್ಲಿ ಶಾಲೆಯ ಹಾಜರಿ ಪುಸ್ತಕವಿತ್ತು. ಅತ್ತೆಗೆ ನಂಬಿಕೆ ಬರಲೆಂದು ತಂದಿದ್ದೆ. ಆ ಕಾಲದಲ್ಲಿ ಟೀಚರೊಬ್ಬಳು ಪುಸ್ತಕ ಹಿಡಿದು ಬಂದರೆ ಯಾವುದೋ ಒಂದು ಗಣತಿ ಎಂದೇ ಜನ ತಿಳಿಯುತ್ತಿದ್ದರು. ನಾನು ಹೂಂ ಎಂದೆ. ಸರಕಾರದ ಹೆಸರಿನಲ್ಲಿ ಸುಳ್ಳು ಹೇಳಿದ್ದು ಅದೊಂದೇ ಸಲ.

"ಊರ ಹೊರಗ ಜಾಲಿ ಗಿಡದ ಹತ್ರ ಒಂದು ಮನಿ ಐತಿ ನೋಡ್ರಿ. ಸುಂಕಮ್ಮ ಅಂತ ಅದಾಳ. ಆಯ್ತವಾರ ಆಯ್ತವಾರ ಆಕಿ ಮನಿಗೆ ಬರ್ತಾನ ಅವ. ಹಿತ್ತಲದಾಗ ಏನೋ ನಡಸ್ಯಾರ. ಸಾರಾಯಿ ಭಟ್ಟಿ ಹಾಕ್ಯಾರ ಅಂತ ನನ್ನ ಅನುಮಾನ. ಬರಕೊಳ್ರಿ, ಅದನೂ ಬರಕೊಳ್ರಿ."

ಸುಂಕಮ್ಮ. ಹೆಸರು ಸಿಕ್ಕಿತು. ಜಾಲಿ ಗಿಡದ ಗುರುತು ಹಿಡಿದು ಆ ಮನೆಯವರೆಗೆ ನಡೆದೆ. ಬಾಗಿಲು ಬಡಿದೆ. ತೆಗೆದವಳು ಐವತ್ತು ದಾಟಿದ ಹೆಂಗಸು. ಅರ್ಧ ನರೆತ ಕೂದಲು, ಬಿಗಿಯಾಗಿ ಸಿಕ್ಕಿಸಿದ ಸೆರಗು, ಮೂಗಿನಲ್ಲಿ ಒಂದು ಹಳೆಯ ಮೂಗುಬಟ್ಟು. ಮಗಳು ಒಳಗಿರಬೇಕು ಎಂದುಕೊಂಡೆ.

"ಗಣತಿಗೆ ಬಂದೀನ್ರಿ. ಸುಂಕಮ್ಮ ಅಂದ್ರ ಯಾರು?"

"ನಾನ ರೀ. ಬರ್ರಿ ಒಳಗ, ಬಿಸಲಾಗ ನಿಲ್ಲಬ್ಯಾಡ್ರಿ" ಎಂದು ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಮಂಡಿ ಮಡಚಿ ಕೂತಳು. ನಾನು ಪುಸ್ತಕ ಬಿಚ್ಚಿದೆ. ಮೂರನೇ ಇಯತ್ತೆಯ ಹುಡುಗಿಯರ ಹೆಸರುಗಳ ಕೆಳಗೆ ಪೆನ್ಸಿಲು ಹಿಡಿದು ಕೇಳಿದೆ:

"ಮನಿಯಾಗ ಎಷ್ಟು ಮಂದಿ?"

"ಇಬ್ಬರು. ನಾನು, ಅವರು."

"ಅವರು ಅಂದ್ರ?"

"ಹನುಮಂತಪ್ಪ ಅಂತ. ಅಡಿಗಿ ಕೆಲಸ. ಈಗ ವಯಸ್ಸಾಗೇತಿ."

"ನೀವು ಅವರಿಗೆ ಏನಾಗಬೇಕು? ಹೆಂಡತಿ ಅಂತ ಬರೀಲೇನು?"

ಅವಳು ನೆಲ ನೋಡಿದಳು. "ಬರೀಬ್ಯಾಡ್ರಿ. ಹಂಗ ಬರದ್ರ ಸಿರುಗುಪ್ಪದಾಕಿಗೆ ಅನ್ಯಾಯ ಆಗ್ತೈತಿ. ಅಡಿಗಿಗೆ ಸಹಾಯ ಮಾಡಾಕಿ ಅಂತ ಬರೀರಿ."

"ಮಕ್ಕಳು?"

"ನನಗಿಲ್ಲ. ಅವರಿಗೊಬ್ಬ ಮಗ ಅದಾನ. ಬಂದು ಹೋಗಿ ಮಾಡ್ತಾನ, ನನಗೂ ಚಿಗವ್ವ ಅಂತಾನ. ಆದರ ಅವ ಈ ಮನಿ ಲೆಕ್ಕಕ್ಕ ಬರಂಗಿಲ್ಲ ನೋಡ್ರಿ. ಅವರವ್ವನ ಮನ್ಯಾಗ ಬರಕೊಂಡಿರ್ತಾರ."

ನಾನು ಬರೆಯುವುದನ್ನು ನಿಲ್ಲಿಸಿದೆ. ಆ ಹೊತ್ತಿಗೆ ಹಿತ್ತಲ ಬಾಗಿಲಿನಿಂದ, ಮುಖವೆಲ್ಲ ಮಸಿಯಾದ ಒಬ್ಬ ಮನುಷ್ಯ, ಕೈಯಲ್ಲಿ ವೆಲ್ಡಿಂಗಿನ ಕಪ್ಪು ಗಾಜು ಹಿಡಿದು, "ಚಿಗವ್ವ, ನೀರು ಕೊಡು" ಎನ್ನುತ್ತಾ ಒಳಗೆ ಬಂದ. ಬಂದವನು ನನ್ನನ್ನು ನೋಡಿ ಹಾಗೇ ನಿಂತ.

"ನೀ ಇಲ್ಲಿ ಏನ್ ಮಾಡಾಕತ್ತಿ?" ಎಂದರು ನಮ್ಮವರು.

"ಗಣತಿ" ಎಂದೆ. ಅಷ್ಟು ಹೇಳಿ ಅಳತೊಡಗಿದೆ.

ಆಮೇಲೆ ಎಲ್ಲ ಹೊರಗೆ ಬಂತು. ಕುರುಗೋಡಿಗೆ ಗಿರಣಿಯೊಂದರ ರಿಪೇರಿಗೆ ಬಂದಾಗ, ಚಹದ ಅಂಗಡಿಯಲ್ಲಿ ಕೂತಿದ್ದ ಮುದುಕನೊಬ್ಬ ಇವರ ಮುಖವನ್ನೇ ನೋಡುತ್ತಿದ್ದು, "ನಿಮ್ಮವ್ವನ ಹೆಸರು ಈರಮ್ಮ ಹೌದಲ್ಲೋ?" ಎಂದನಂತೆ. ತಂದೆ ಬಿಟ್ಟುಹೋದಾಗ ನಮ್ಮವರಿಗೆ ಎರಡು ವರ್ಷ. ಬೈದು ಬರಬೇಕೆಂದೇ ಮುಂದಿನ ವಾರವೂ ಹೋದರಂತೆ. ಬೈದೂ ಬಂದರಂತೆ. ಮೂರನೇ ವಾರ ಮುದುಕ ಹಿತ್ತಲಿನಲ್ಲಿದ್ದ ಒಂದು ತೂತುಬಿದ್ದ ಎಣ್ಣೆ ಡ್ರಮ್ಮು ತೋರಿಸಿ, "ಇದಕ್ಕ ವೆಲ್ಡಿಂಗ್ ಹಿಡೀತೈತೇನು ನೋಡು" ಎಂದನಂತೆ. ಅಪ್ಪ ಮಗನ ಸಂಬಂಧಕ್ಕೆ ಬೆಸುಗೆ ಬಿದ್ದದ್ದು ಅಲ್ಲಿ.

"ನನಗ್ಯಾಕ ಹೇಳಲಿಲ್ಲ?" ಎಂದೆ.

"ನಿನಗ ಹೇಳಿದ್ರ ಅವ್ವಗ ಹೇಳಿದಂಗ. ನಿನ್ನ ಮುಖದಾಗ ಏನೂ ನಿಲ್ಲಂಗಿಲ್ಲ."

ಮಾವ ಹಿತ್ತಲಿನಲ್ಲಿ ಅಡಗಿದ್ದರು. ಸೊಸೆ ಬಂದಿದ್ದಾಳೆಂದು ಕೇಳಿ ಹೆದರಿ ಡ್ರಮ್ಮಿನ ಹಿಂದೆ ನಿಂತಿದ್ದರು. ಸಣ್ಣ ದೇಹ, ಬಿಳಿಯ ಮೀಸೆ. ನಾನು ಕಾಲುಮುಟ್ಟಲು ಹೋದರೆ ಹಿಂದೆ ಸರಿದು, "ಬ್ಯಾಡಮ್ಮಾ, ಬ್ಯಾಡ. ಅಷ್ಟು ದೊಡ್ಡಾವ ಅಲ್ಲ ನಾನು" ಎಂದರು. ನಾನು ನೆಟ್ಟಗೆ ನಿಂತೆ. ಅವರೆಂದ ಮಾತು ಸುಳ್ಳಾಗಿರಲಿಲ್ಲ.

ಈಗ ಆ ಹೊಗೆಬಂಡಿಯ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಳ್ಳಾರಿಯಲ್ಲಿ ಇಟಲಿಯ ಸೆರೆಯಾಳುಗಳ ಕ್ಯಾಂಪು ಇತ್ತಲ್ಲ, ಮಾವ ಅಲ್ಲಿ ಅಡಿಗೆಯ ಸಹಾಯಕ್ಕೆ ಇದ್ದವರು. ಕೈದಿಗಳಲ್ಲೊಬ್ಬ ಒಂದು ಡ್ರಮ್ಮಿನಲ್ಲಿ ಬೆಂಕಿ ಹಾಕಿ, ಇನ್ನೊಂದರಲ್ಲಿ ಮಾಂಸ ಇಟ್ಟು, ನಡುವೆ ಹೊಗೆ ಮಾತ್ರ ಹೋಗುವ ಹಾಗೆ ಮಾಡಿದ್ದನಂತೆ. ಬೆಂಕಿ ಮಾಂಸವನ್ನು ಮುಟ್ಟುವುದೇ ಇಲ್ಲ. ಬೆಳಗ್ಗೆ ಇಟ್ಟರೆ ಮಧ್ಯಾಹ್ನದ ನಂತರ ಎಲುಬು ತಾನೇ ಕಳಚಿ ಬರುತ್ತದೆ. ಆ ರುಚಿ ಮಾವನ ನಾಲಿಗೆ ಬಿಟ್ಟು ಹೋಗಲಿಲ್ಲ. ಬಳ್ಳಾರಿಯ ಎಷ್ಟೋ ಮಿಲಿಟರಿ ಹೋಟೆಲುಗಳಲ್ಲಿ ಅಡಿಗೆ ಮಾಡುತ್ತಾ ಎಲ್ಲ ಮಾಲೀಕರಿಗೂ ಹೇಳಿ ನೋಡಿದರು. ಯಾರೂ ನಂಬಲಿಲ್ಲ. ಹೊಗೆಯಲ್ಲಿ ಮಾಂಸ ಬೇಯುತ್ತದೆಂದರೆ ನಾನೂ ನಂಬುತ್ತಿರಲಿಲ್ಲ. ಬಳ್ಳಾರಿ ಗುಡ್ಡದ ಬಂಡೆಯ ಮೇಲೆ ಏಪ್ರಿಲ್‌ನಲ್ಲಿ ಇಟ್ಟರೆ ಬೇಯುತ್ತದೆ ಎಂದರೆ ನಂಬಬಹುದು.

ಗಾಲಿ ಯಾಕೆ ಎಂದು ಕೇಳಿದೆ.

"ಹೊಗಿ ಬಂದ ಕೂಡ್ಲೇ ಮಂದಿ ಬೈತಾರಮ್ಮಾ" ಎಂದರು ಮಾವ. "ಒಂದು ಕಡೆ ಬೈದ್ರ ಇನ್ನೊಂದು ಕಡೆ ಎಳಕೊಂಡು ಹೋಗಾಕ ಬೇಕಲ್ಲ."

ಮುಂದಿನ ಆಯಿತವಾರಗಳಲ್ಲಿ ನಾನೂ ಹೋಗತೊಡಗಿದೆ. ದೊಡ್ಡ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಮೇಲಿನ ಅರ್ಧಕ್ಕೆ ಕೀಲು ಹಾಕಿ ಮುಚ್ಚಳ ಮಾಡಿದ್ದರು. ಅದೇ ಆ "ಹೊಟ್ಟೆ". ಅದರ ಒಂದು ತುದಿಗೆ, ಸ್ವಲ್ಪ ಕೆಳಗೆ, ಬೆಂಕಿ ಹಾಕಲು ಚಿಕ್ಕ ಡ್ರಮ್ಮು. ಇನ್ನೊಂದು ತುದಿಗೆ ಪಂಪ್‌ಸೆಟ್ಟಿನ ಹಳೆಯ ಪೈಪಿನ ಹೊಗೆಕೊಳವೆ. ಒಳಗೆ ಮಾಂಸ ಇಡಲು ಅಕ್ಕಿ ಗಿರಣಿಯ ಸವೆದ ಕಬ್ಬಿಣದ ಜರಡಿ. ಕೆಳಗೆ ಗಾಲಿ ಕೂರಿಸಲು ಗುಜರಿಯಲ್ಲಿ ಸಿಕ್ಕ ಜೀಪಿನ ಇರಚಿ, ಅಂದರೆ ಅಚ್ಚು. ಖಾಜಾ ಕೊಟ್ಟ ಎರಡು ಟೈರುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹಾಗಾಗಿ ಇಡೀ ಯಂತ್ರ ಕಿವಿಗೊಟ್ಟು ಕೇಳುವವರ ಹಾಗೆ ಒಂದು ಕಡೆ ವಾಲಿಕೊಂಡಿತ್ತು. ಥರ್ಮಾಮೀಟರು ಒಳಗಿನ ಶಾಖ ನೋಡಲು ಹೋಗಿ ಅರೆಗಳಿಗೆಯಲ್ಲಿ ಸಿಡಿದಿತ್ತು. ಮಲ್ ಬಟ್ಟೆ ಮಸಾಲೆ ಹಚ್ಚಿದ ಮಾಂಸ ಸುತ್ತಿಡಲು. ಅದೆಲ್ಲ ತಿಳಿದ ದಿನ ನನಗೆ ನಗು ಬಂತು, ಜೊತೆಗೆ ಬೇರೊಂದು ನೋವೂ ಇತ್ತು. ನಾನು ಏನೆಂದುಕೊಂಡಿದ್ದೆ ಎಂದು ನಮ್ಮವರಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. ಸುತ್ತಿಗೆ ಕೆಳಗಿಟ್ಟು, "ಅಪ್ಪ ಹಂಗ ಮಾಡಿದ ಅಂತ ನಾನೂ ಮಾಡ್ತೀನಿ ಅಂದುಕೊಂಡೇನು?" ಎಂದರು. ಅನುಮಾನಪಟ್ಟಾಗ ಮಾವನ ವಿಷಯ ನನಗೆ ಗೊತ್ತೇ ಇರಲಿಲ್ಲ.

ಮೊದಲ ಪ್ರಯೋಗದಲ್ಲಿ ಹೊಗೆ ಕೊಳವೆಯ ಕಡೆ ಹೋಗದೆ ಬೆಂಕಿಯ ಬಾಯಿಂದಲೇ ವಾಪಸು ಬಂದು ನಾವು ನಾಲ್ವರೂ ಹಿತ್ತಲು ಬಿಟ್ಟು ಓಡಿದೆವು. ಕೊಳವೆಯನ್ನು ಎರಡು ಮೊಳ ಉದ್ದ ಮಾಡಿದರು. ಎರಡನೆಯದರಲ್ಲಿ ಹೊಗೆ ಸರಿಯಾಗಿ ಹೋಯಿತು, ಆದರೆ ಡ್ರಮ್ಮಿನ ಹಳೆಯ ಎಣ್ಣೆಯೆಲ್ಲ ಮಾಂಸಕ್ಕೆ ಹಿಡಿಯಿತು. ಕುರುಗೋಡಿನ ನಾಯಿಗಳು ಮೂಸಿ ನೋಡಿ, ನಮ್ಮನ್ನೂ ಒಮ್ಮೆ ನೋಡಿ, ಹೋದವು. ಮಾವ ಎರಡು ದಿನ ಜಾಲಿ ಕಟ್ಟಿಗೆ ತುಂಬಿ ಖಾಲಿ ಡ್ರಮ್ಮನ್ನೇ ಸುಟ್ಟರು. ಮೂರನೆಯ ಸಲ ಬೆಂಕಿಗೆ ಜಾಲಿ, ಅದರ ಮೇಲೆ ನಮ್ಮವರು ಚೀಲದಲ್ಲಿ ತಂದ ಭತ್ತದ ಹೊಟ್ಟು. ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಮಧ್ಯಾಹ್ನ ಮುಚ್ಚಳ ತೆಗೆದು ಮಾವ ಒಂದು ತುಂಡು ಕಿತ್ತು ನನಗೆ ಕೊಟ್ಟರು. ನಾನು ತಿಂದೆ. ಆ ರುಚಿ ಹೇಳಲು ನನ್ನಿಂದ ಆಗದು. ನಮ್ಮವರು ಆರು ತಿಂಗಳು ಯಾಕೆ ಸುಳ್ಳು ಹೇಳಿದರೆಂದು ಮಾತ್ರ ಅರ್ಥವಾಯಿತು.

ತಿನ್ನುತ್ತಿರುವಾಗ ಮಾವ ಬೆಂಕಿಯ ಕಡೆ ಮುಖ ಮಾಡಿ ಕೇಳಿದರು, "ಆಕಿ ಮೊಣಕಾಲು ನೋವು ಹೆಂಗೈತಿ?"

"ಹಂಗ ಐತ್ರಿ" ಎಂದೆ. ಸುಂಕಮ್ಮ ಎದ್ದು ಒಳಗೆ ಹೋದಳು.

ಇತ್ತ ಮನೆಯಲ್ಲಿ ಹೊಸ ಅನುಮಾನ ಹುಟ್ಟಿತ್ತು. ಈಗ ಆಯಿತವಾರ ಇಬ್ಬರೂ ಮಾಯವಾಗುತ್ತೇವೆ, ಇಬ್ಬರ ಬಟ್ಟೆಯೂ ಹೊಗೆ ನಾರುತ್ತದೆ. ಅತ್ತೆ ಒಂದು ದಿನ ನೇರವಾಗಿ ಕೇಳಿದರು, "ಎಲ್ಲಿಗೆ ಹೋಗ್ತೀರಿ ಇಬ್ಬರೂ?"

ನಾನು ಯೋಚಿಸದೆ, "ಬಳ್ಳಾರಿ ಡಾಕ್ಟರ್ ಕಡೆ ಅತ್ತಿ" ಎಂದೆ. ಮಕ್ಕಳಾಗದವರಿಗೆ ಅದಕ್ಕಿಂತ ಒಳ್ಳೆಯ ಸುಳ್ಳು ಇರಲಿಲ್ಲ. ಅತ್ತೆ ನನ್ನ ತಲೆ ಮುಟ್ಟಿ ಒಳಗೆ ಹೋದರು. ಮುಂದಿನ ಆಯಿತವಾರ ನಾವು ವಾಪಸು ಬಂದಾಗ ಅವರು ಊಟ ಮಾಡಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಗೌರಮ್ಮನಿಂದ ಗೊತ್ತಾಯಿತು: ನಾವು ಡಾಕ್ಟರ ಕಡೆ ಹೋದ ದಿನವೆಲ್ಲ ಅತ್ತೆ ಒಪ್ಪತ್ತೂ ಉಣ್ಣದೆ ಉಪವಾಸ ಹಿಡಿದಿದ್ದರು. ನಾವು ಅಲ್ಲಿ ಹೊಟ್ಟೆತುಂಬ ಮಾಂಸ ತಿಂದು, ಎಲೆಅಡಿಕೆ ಹಾಕಿಕೊಂಡು ಬರುತ್ತಿದ್ದೆವು.

ಅಷ್ಟರಲ್ಲಿ ಗಿರಣಿಯ ಹಮಾಲರು ಸುಗ್ಗಿ ಮುಗಿದ ಖುಷಿಗೆ ಒಂದು ಊಟ ಹಾಕಿಕೊಳ್ಳಬೇಕೆಂದರು. ನಮ್ಮವರು ಮಾವನ ಹೆಸರು ಹೇಳದೆ, "ಒಬ್ಬ ಅಡಿಗಿಯವ ಅದಾನ" ಎಂದು ಒಪ್ಪಿಸಿಬಿಟ್ಟರು. ಗಿರಣಿಯ ಮಾಲೀಕರು ಮಾಂಸ ಮುಟ್ಟದವರು. ಕಾಲುವೆಯ ಕಡೆಯ ಮೂಲೆಯಲ್ಲಿ, ಗಾಳಿ ಆಚೆ ಬೀಸುತ್ತಿದ್ದರೆ ಮಾತ್ರ ಮಾಡಿಕೊಳ್ಳಿ ಎಂದರು. ಊಟದ ಹಿಂದಿನ ದಿನ ಗಿರಣಿಯ ಟ್ರ್ಯಾಕ್ಟರಿಗೆ ಹೊಗೆಬಂಡಿಯನ್ನು ಕಟ್ಟಿಕೊಂಡು ಕುರುಗೋಡಿನಿಂದ ಹೊರಟೆವು. ನಮ್ಮವರು ಓಡಿಸುತ್ತಿದ್ದರು, ಮಾವ ಅವರ ಬೆನ್ನ ಹಿಂದೆ ನಿಂತಿದ್ದರು, ಎರಡು ಮಡ್‌ಗಾರ್ಡಿನ ಮೇಲೆ ನಾನೂ ಸುಂಕಮ್ಮನೂ.

ತೆಕ್ಕಲಕೋಟೆಯ ಹತ್ತಿರ ಒಬ್ಬ ಪೊಲೀಸಪ್ಪ ಸೈಕಲ್ಲು ಅಡ್ಡ ಹಾಕಿದ.

"ಏನಲೇ ಇದು? ಭಟ್ಟಿ ಕಟ್ಟಿಕೊಂಡು ಹಾಡುಹಗಲ ಹೊಂಟೀರಲ್ಲ!"

"ಭಟ್ಟಿ ಅಲ್ಲ ಸರ್. ಕುರಿ ಬೇಯಸೋದು" ಎಂದರು ಮಾವ.

"ಕುರಿ ಎಲ್ಲೈತಿ?"

"ಇನ್ನೂ ಒಳಗ ಹೋಗಿಲ್ಲ ಸರ್."

ಪೊಲೀಸಪ್ಪ ಮುಚ್ಚಳ ಎತ್ತಿಸಿ ಒಳಗೆ ತಲೆ ತೂರಿಸಿದ. ಸಾರಾಯಿಯ ವಾಸನೆ ಹುಡುಕುತ್ತಾ ಬಹಳ ಹೊತ್ತು ಅಲ್ಲೇ ಇದ್ದ. ತಲೆ ಹೊರಗೆ ಬಂದಾಗ ಮೂಗಿನ ತುದಿ ಮಸಿಯಾಗಿತ್ತು, ಮುಖ ಮೆತ್ತಗಾಗಿತ್ತು. "ಮಸಾಲಿ ಏನ್ ಹಾಕ್ತೀರಿ?" ಎಂದು ಕೇಳಿದ. ಮೂಗಿನ ಮಸಿಯ ವಿಷಯ ಯಾರೂ ಹೇಳಲಿಲ್ಲ.

ಬಂಡಿಯನ್ನೂ ಮಾವ, ಸುಂಕಮ್ಮ ಇಬ್ಬರನ್ನೂ ಗಿರಣಿಯಲ್ಲಿ ಬಿಟ್ಟು ನಾನು ಮನೆಗೆ ಬಂದೆ. ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಅಂದು ಆಯಿತವಾರ. ಬೆಳಗ್ಗಿನಿಂದ ಅವರು ಏನೂ ತಿಂದಿರಲಿಲ್ಲ. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಎದುರಿಗೆ ಕೂತು ಎಲ್ಲ ಹೇಳಿದೆ. ಡಾಕ್ಟರು ಇಲ್ಲ, ಬಳ್ಳಾರಿ ಇಲ್ಲ, ಕುರುಗೋಡು, ಮಾವ, ಸುಂಕಮ್ಮ, ಡ್ರಮ್ಮು, ನಾಳೆಯ ಊಟ. ಅತ್ತೆ ತಲೆ ಎತ್ತಲಿಲ್ಲ. ಬೆರಳು ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ, "ಈ ಸಲ ಅಕ್ಕ್ಯಾಗ ಕಲ್ಲು ಭಾಳ ಅದಾವ" ಎಂದರು. ಅಷ್ಟೇ.

ನಮ್ಮವರಿಗೆ ಹೇಳಿದೆ. ಅವರು ನನ್ನ ಮೇಲೆ ಸಿಟ್ಟಾಗುವ ಬದಲು ಗೋಡೆಗೆ ಒರಗಿ ಕೂತುಬಿಟ್ಟರು. ಅವ್ವ ಇನ್ನು ತಮ್ಮ ಜೊತೆ ಮಾತಾಡುತ್ತಾಳೋ ಇಲ್ಲವೋ ಎಂದು ಅವರ ಭಯ. ಮರುದಿನ ಬೆಳಗಾಗುವ ಮೊದಲೇ ಗಿರಣಿಗೆ ಹೋದರು.

ನಾನು ಹೊರಡಲು ಬಾಗಿಲಿಗೆ ಬಂದಾಗ ಅತ್ತೆ ಇಳಕಲ್ ಸೀರೆ ಉಟ್ಟು ನಿಂತಿದ್ದರು. "ನಡಿ" ಎಂದರು. ಬಯ್ಯಲು ಬರುತ್ತಿದ್ದಾರೋ, ಬಂಡಿಯನ್ನು ಕಾಲುವೆಗೆ ತಳ್ಳಲು ಬರುತ್ತಿದ್ದಾರೋ, ನನಗೆ ಹೆಜ್ಜೆ ಹೆಜ್ಜೆಗೂ ಒಂದೊಂದು ಅನುಮಾನ.

ಗಿರಣಿಯ ಮೂಲೆಯಲ್ಲಿ ಹಮಾಲರು ನೆರಳಿಗೆ ಕೂತಿದ್ದರು. ಹೊಗೆಬಂಡಿಯ ಕೊಳವೆಯಿಂದ ತೆಳ್ಳಗೆ ನೀಲಿ ಹೊಗೆ ಕಾಲುವೆಯ ಮೇಲೆ ಹೋಗುತ್ತಿತ್ತು. ಅತ್ತೆಯನ್ನು ಮೊದಲು ನೋಡಿದವಳು ಸುಂಕಮ್ಮ. ಮುಚ್ಚಳ ಎತ್ತಲು ಹೋದವಳು ಗಾಬರಿಯಾಗಿ, ಬರಿಗೈಯಲ್ಲೇ ಕಬ್ಬಿಣದ ಹಿಡಿಕೆ ಹಿಡಿದು, "ಅವ್ವಾ" ಎಂದು ಕೈ ಕೊಡವಿದಳು. ಮಾವ ತಿರುಗಿ ನೋಡಿ, ತಲೆ ತಗ್ಗಿಸಿದವರು ಮತ್ತೆ ಎತ್ತಲಿಲ್ಲ.

ಅತ್ತೆ ಮಾವನನ್ನು ದಾಟಿಕೊಂಡು ಹೋಗಿ ಸುಂಕಮ್ಮನ ಎದುರು ನಿಂತರು.

"ಕೈ ತೋರ್ಸು."

ಸುಂಕಮ್ಮ ಕೈ ಮುಂದೆ ಮಾಡಿದಳು. ಅಂಗೈ ಕೆಂಪಾಗಿತ್ತು. ಮುಂಗೈ ಮೇಲೆ ಹಳೆಯ ಸುಟ್ಟ ಗಾಯಗಳು ಮೂರು ನಾಲ್ಕು. ಅತ್ತೆ ತಮ್ಮ ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದರು. ಬಳೆಗಳ ಕೆಳಗೆ, ಇಷ್ಟು ವರ್ಷ ನಾನು ನೋಡದಿದ್ದ ಒಂದು ಬಿಳಿಯ ಕಲೆ, ಬೆರಳುದ್ದ.

"ಬಳ್ಳಾರಿ ಮನ್ಯಾಗ ತಗಡಿನ ಡಬ್ಬಿ ಕೊಯ್ದು ಇದನ್ನ ಮಾಡಿದ್ದ" ಎಂದರು. "ಇವ ಹುಟ್ಟೋ ಮುಂಚೆ. ಇದೇ ಹುಚ್ಚು. ಮುಚ್ಚಳ ತಗಿ ಅಂದ, ತಗದೆ." ಆಮೇಲೆ ಮಗನ ಕಡೆ ತಿರುಗಿದರು. "ಅವಗ ಹೇಳು. ಹಿಡಿಕಿಗೆ ಒಂದು ಕಟಗಿ ಹಾಕಾಕ ಏನಾಗೇತಂತ? ಇನ್ನೂ ಎಷ್ಟು ಹೆಣ್ಣಮಕ್ಕಳ ಕೈ ಸುಡಬೇಕಂತ ಮಾಡ್ಯಾನ?"

ನಮ್ಮವರು ಹೇಳಬೇಕಾಗಲಿಲ್ಲ. ಮಾವ ಅಲ್ಲೇ ಬಿದ್ದಿದ್ದ ಮುರಿದ ಸಲಿಕೆಯ ಮರದ ಕಾವನ್ನು ಗೇಣುದ್ದ ಕೊಯ್ದು, ಹಿಡಿಕೆಗೆ ತಂತಿಯಿಂದ ಬಿಗಿಯತೊಡಗಿದರು. ತಂತಿ ಎರಡು ಸಲ ಜಾರಿತು. ಮೂರನೆಯ ಸಲ ನಮ್ಮವರು ಹೋಗಿ ಇನ್ನೊಂದು ತುದಿ ಹಿಡಿದುಕೊಂಡರು.

ಕಟ್ಟಿ ಮುಗಿದ ಮೇಲೆ ಅತ್ತೆ ತಾವೇ ಹೋಗಿ ಆ ಕಟ್ಟಿಗೆಯನ್ನು ಅಲುಗಾಡಿಸಿ ನೋಡಿದರು. ಮುಚ್ಚಳ ಎತ್ತಿದರು. ಎಲುಬಿನಿಂದ ಒಂದು ತುಂಡು ಕಿತ್ತು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಸುಂಕಮ್ಮನ ಕಡೆ ಚಾಚಿದರು.

"ನೀ ಮೊದಲು ತಿಂದು ಹೇಳು. ಬೆಂದೈತೋ ಇಲ್ಲೋ, ಅವನ ಕೆಲಸ ನಾ ನಂಬಂಗಿಲ್ಲ."

ಸುಂಕಮ್ಮ ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ತೆಗೆದುಕೊಳ್ಳುವುದು ಹೇಗೆಂದು ಹಿಂದೆಮುಂದೆ ನೋಡಿದಳು. ಅತ್ತೆ ತುಂಡನ್ನು ಅವಳ ಬಾಯಿಗೇ ಇಟ್ಟರು. ಅವಳು ಅಗಿದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಬೆಂದೈತಿ ಅಕ್ಕಾ" ಎಂದಳು.

ಅತ್ತೆ ಹಮಾಲರ ಸಾಲಿನ ತುದಿಯಲ್ಲಿ ಹೋಗಿ ಕೂತು, ಎಲೆ ಎಳೆದುಕೊಂಡರು.